ಕರಾರು ಮುಗಿಸದೆ ಹುಡುಗನನ್ನು ಲೇಥ್ ಮುಂದೆ ನಿಲ್ಲಿಸಿದವನ ಬಹಿರಂಗ ಪತ್ರ

ಶಿವಮೊಗ್ಗದ ಆಟೊ ಕಾಂಪ್ಲೆಕ್ಸ್, ಮಾಚೇನಹಳ್ಳಿ ಮತ್ತು ಜಿಲ್ಲೆಯ ಉಳಿದೆಡೆ ಲೇಥ್ (ಲೋಹ ಕಡೆಯುವ ಯಂತ್ರ) ಅಂಗಡಿ, ಗ್ಯಾರೇಜು, ಸಣ್ಣ ಕಾರ್ಖಾನೆ ನಡೆಸುತ್ತಿರುವ ಮಾಲೀಕ ಮಿತ್ರರಿಗೂ, ಶಿಶಿಕ್ಷು, ಅಂದರೆ ಅಪ್ರೆಂಟಿಸ್, ತರಬೇತಿಯ ಕಡತಗಳು ಯಾರ ಮೇಜಿಗೆ ಬರುತ್ತವೆಯೋ ಆ ಅಧಿಕಾರಿಗಳಿಗೂ,

ನಮಸ್ಕಾರ.

ಐಟಿಐ ಫಲಿತಾಂಶ ಬಂದ ಒಂದೆರಡು ವಾರ ನಮ್ಮ ಅಂಗಡಿಗಳ ಮುಂದೆ ಬಂದು ನಿಲ್ಲುವ ಬೈಕುಗಳನ್ನು ನೋಡಿದರೇ ಗೊತ್ತಾಗುತ್ತದೆ. ಮುಂದೆ ಅಪ್ಪನೋ ಸೋದರಮಾವನೋ, ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿ ಅಂಕಪಟ್ಟಿ ಹಿಡಿದುಕೊಂಡ ಹುಡುಗ. "ಸಂಬಳದ ಮಾತು ಆಮೇಲೆ ನೋಡೋಣ ಸ್ವಾಮಿ, ಮೊದಲು ಕೆಲಸ ಕಲಿಯಲಿ, ನಿಮ್ಮ ಕೈಕೆಳಗೆ ಬಿಟ್ಟಿದ್ದೇನೆ" ಎಂದು ಅವರು ಹೇಳುತ್ತಾರೆ. "ನಾಳೆಯಿಂದ ಕಳಿಸಿ" ಎಂದು ನಾವು ಹೇಳುತ್ತೇವೆ. ಅಲ್ಲಿಗೆ ಮುಗಿಯಿತು. ಒಂದು ಟನ್ ಸರಳನ್ನು ತೂಕದ ಚೀಟಿ, ಬಿಲ್ಲು ನೋಡದೆ ಲಾರಿಯಿಂದ ಇಳಿಸಿಕೊಳ್ಳದ ನಾವು ಒಬ್ಬರ ಮಗನನ್ನು ಬರೀ ಬಾಯಿಮಾತಿನ ಮೇಲೆ ಇಳಿಸಿಕೊಳ್ಳುತ್ತೇವೆ.

ನಾನೂ ಹಾಗೆಯೇ ಇಳಿಸಿಕೊಂಡೆ. ಅದನ್ನು ಹೇಳಿಕೊಳ್ಳದೆ ಮುಂದಿನದನ್ನು ಬರೆಯುವ ಯೋಗ್ಯತೆ ನನಗಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಹುಡುಗ ಹೊಸನಗರ ತಾಲ್ಲೂಕಿನವನು, ಹತ್ತೊಂಬತ್ತು ವಯಸ್ಸು, ಟರ್ನರ್ ಐಟಿಐ ಪಾಸಾಗಿದ್ದ. ಕಾಡಂಚಿನ ಊರು, ಅರ್ಧ ಎಕರೆ ಅಡಿಕೆ. ಲಿಂಗನಮಕ್ಕಿ ಅಣೆಕಟ್ಟೆಯ ನೀರು ಏರಿದಾಗ ಅಜ್ಜನ ಕಾಲದಲ್ಲಿ ಎದ್ದು ಬಂದ ಕುಟುಂಬ. ನನ್ನ ಅಂಗಡಿಯಲ್ಲಿ ಆಗ ನನ್ನನ್ನು ಬಿಟ್ಟು ಹನ್ನೊಂದು ಜನ. ಅಡಿಕೆ ಸುಲಿಯುವ ಯಂತ್ರಗಳ ಶಾಫ್ಟು, ಪಂಪ್‌ಸೆಟ್ಟಿನ ಬುಷ್, ಟಿಲ್ಲರ್ ಬಿಡಿಭಾಗ, ಹತ್ತಿರದ ಫೌಂಡ್ರಿಯಿಂದ ಬರುವ ಎರಕದ ತುಂಡುಗಳಿಗೆ ಮಷಿನಿಂಗ್, ಇದು ನಮ್ಮ ಕೆಲಸ. ಅಪ್ರೆಂಟಿಸ್‌ಗಳ ಸರ್ಕಾರಿ ಪೋರ್ಟಲ್‌ನಲ್ಲಿ ಅಂಗಡಿಯನ್ನು ನೋಂದಾಯಿಸಿದ್ದೆ. ಹುಡುಗನ ಹೆಸರನ್ನೂ ಹಾಕಿದೆ. ಕರಾರು ಅರ್ಧಕ್ಕೆ ನಿಂತಿತು. ಅವನ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಇತ್ತು, ಆಧಾರ್‌ನಲ್ಲಿ ಮುಂದೆ ಇತ್ತು. ಆಧಾರ್‌ಗೆ ಜೋಡಿಸಿದ ಮೊಬೈಲ್ ಅವನ ಅಕ್ಕನ ಬಳಿ, ಅಕ್ಕ ಗಂಡನ ಮನೆಯಲ್ಲಿ, ಆ ಊರಿನಲ್ಲಿ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. "ಮುಂದಿನ ವಾರ ಸರಿಮಾಡಿಸೋಣ ಬಿಡು" ಎಂದೆ. ಆ ಮುಂದಿನ ವಾರ ನಾಲ್ಕು ತಿಂಗಳಾದರೂ ಬರಲಿಲ್ಲ.

ಹುಡುಗ ಚುರುಕು. ಎರಡನೇ ತಿಂಗಳಿನಲ್ಲೇ ನನ್ನ ಹಳೆಯ ಲೇಥ್ ಮೇಲೆ ನಿಲ್ಲಿಸಿದೆ. ಆ ಮಷಿನ್ ಸ್ವಿಚ್ ಆರಿಸಿದ ಮೇಲೂ ನಿಲ್ಲಲು ಸಮಯ ತೆಗೆದುಕೊಳ್ಳುತ್ತದೆ. ನಮ್ಮ ಹಳೆಯ ಕೈಗಳಿಗೆ ಅದು ಗೊತ್ತು, ಹಾಗಾಗಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ನವೆಂಬರಿನ ಒಂದು ಸಂಜೆ, ಸುರುಳಿ ಸುರುಳಿಯಾಗಿ ಜಾಬ್‌ಗೆ ಸುತ್ತಿಕೊಂಡಿದ್ದ ಉಕ್ಕಿನ ತುರಿಯನ್ನು ಚಕ್ (ಜಾಬನ್ನು, ಅಂದರೆ ಕಡೆಯುವ ತುಂಡನ್ನು, ಹಿಡಿದು ತಿರುಗುವ ಭಾಗ) ಪೂರ್ತಿ ನಿಲ್ಲುವ ಮೊದಲೇ ಕೈಯಿಂದ ಎಳೆಯಲು ಹೋದ. ತುರಿ ಎಳೆಯುವ ಕೊಕ್ಕೆ ಪಕ್ಕದಲ್ಲೇ ನೇತಾಡುತ್ತಿತ್ತು. ಬಲಗೈ ತೋರುಬೆರಳಿನ ನರ ಕತ್ತರಿಸಿತು.

ಆಸ್ಪತ್ರೆಯ ಖರ್ಚನ್ನು ನಾನೇ ಕೊಟ್ಟೆ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅವನ ಅಪ್ಪ ಬಂದರು. ಮಗನನ್ನು ನೋಡಿದರು, ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದ್ದು ಒಂದೇ ಮಾತು: "ಇವನದ್ದು ಏನಾದರೂ ಕಾಗದ ಇದೆಯಾ ಸ್ವಾಮಿ?"

ಮುಳುಗಡೆಯಾಗಿ ಅರವತ್ತು ವರ್ಷವಾದರೂ ತಾವು ಉಳುವ ನೆಲಕ್ಕೆ ಹಕ್ಕುಪತ್ರ ಸಿಗದೆ ತಾಲ್ಲೂಕು ಕಚೇರಿಗೆ ಅಲೆದವರು ಅವರು. ಕಾಗದ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದನ್ನು ಈ ಜಿಲ್ಲೆಯಲ್ಲಿ ಶರಾವತಿ ಸಂತ್ರಸ್ತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು, "ಕಾಗದ ಆಗುತ್ತಿದೆ, ಖರ್ಚಿನ ಚಿಂತೆ ಬೇಡ, ನಾನಿದ್ದೇನೆ" ಎಂದೆ. ಆ ಮನುಷ್ಯ ಎದ್ದು ನಿಂತು ನನಗೆ ಕೈಮುಗಿದರು.

ಮಿತ್ರರೇ, ಆ ಕೈಮುಗಿದದ್ದು ಇವತ್ತಿಗೂ ನನಗೆ ಅರಗಿಲ್ಲ. ತರಬೇತಿಯ ಕೆಲಸದಲ್ಲಿ ಅಪಘಾತವಾಗಿ ಶಿಶಿಕ್ಷುವಿಗೆ ಗಾಯವಾದರೆ ಪರಿಹಾರ ಕೊಡುವ ಹೊಣೆ ಮಾಲೀಕನದು ಎಂದು 1961ರ ಶಿಶಿಕ್ಷು ಕಾಯ್ದೆ, ಅಂದರೆ ನಾವೆಲ್ಲ ಅಪ್ರೆಂಟಿಸ್ ಕಾಯ್ದೆ ಎನ್ನುವುದು, ಸ್ಪಷ್ಟವಾಗಿ ಹೇಳುತ್ತದೆ. ನಾನು ತೀರಿಸುತ್ತಿದ್ದದ್ದು ಸಾಲ. ಕಾಗದವಿಲ್ಲದ ಕಾರಣ ಅದು ದಾನದಂತೆ ಕಂಡಿತು. ಸಾಲಗಾರನಾಗಿ ತಲೆ ತಗ್ಗಿಸಬೇಕಾದವನು ಧರ್ಮಾತ್ಮನಂತೆ ಕಾರಿಡಾರಿನಲ್ಲಿ ಓಡಾಡಿದೆ. ಕರಾರು ಬರೆಯದೆ ಹುಡುಗರನ್ನು ಇಟ್ಟುಕೊಳ್ಳುವ ನಮ್ಮ ಪದ್ಧತಿಯ ಮೂಲದೋಷ ಇದೇ ಎಂದು ನನಗೆ ಅನ್ನಿಸುತ್ತದೆ. ಹುಡುಗನಿಗೆ ಹಕ್ಕಾಗಿ ಬರಬೇಕಾದದ್ದೆಲ್ಲ ನಮ್ಮ ಉಪಕಾರವಾಗಿಬಿಡುತ್ತದೆ. ನಮಗೂ ಒಳಗೊಳಗೆ ಅದು ಹಿತವಾಗಿಯೇ ಇರುತ್ತದೆ.

ಬೆರಳು ಮೂರು ತಿಂಗಳಲ್ಲಿ ಅರೆಬರೆ ಮಡಚುವಷ್ಟು ಸರಿಹೋಯಿತು. ಸರಿಹೋಗದೆ ಉಳಿದದ್ದು ಇನ್ನೊಂದು. ಕಾಯ್ದೆಯ 4ನೇ ಸೆಕ್ಷನ್ನಿನ ಪ್ರಕಾರ ತರಬೇತಿ ಶುರುವಾಯಿತು ಎಂದು ಲೆಕ್ಕ ಹಿಡಿಯುವುದು ಕರಾರು ಆದ ದಿನದಿಂದ. ಹುಡುಗ ಅಂಗಡಿಗೆ ಬಂದ ದಿನ ಅಲ್ಲಿ ಲೆಕ್ಕಕ್ಕಿಲ್ಲ. ಅವನು ನನ್ನಲ್ಲಿ ಬೆವರು ಸುರಿಸಿದ ನಾಲ್ಕು ತಿಂಗಳು ಯಾವ ಲೆಕ್ಕಕ್ಕೂ ಬರಲಿಲ್ಲ. ಒಂದು ವರ್ಷದ ತರಬೇತಿಯಲ್ಲಿ ನಾಲ್ಕು ತಿಂಗಳು ಕೈಬಿಟ್ಟರೆ ಉಳಿಯುವುದೆಷ್ಟು ನೀವೇ ಲೆಕ್ಕ ಹಾಕಿ. ಮುಂದಿನ ವರ್ಷ ದೊಡ್ಡ ಕಾರ್ಖಾನೆಯೊಂದು ಶಿಶಿಕ್ಷು ಪ್ರಮಾಣಪತ್ರ ಇದ್ದವರಿಂದ ಅರ್ಜಿ ಕರೆದಾಗ ಇವನ ಪ್ರಮಾಣಪತ್ರ ಕೈಗೆ ಬಂದಿರಲಿಲ್ಲ. ಅವನು ನನ್ನನ್ನು ಬೈಯಲಿಲ್ಲ. "ಪರವಾಗಿಲ್ಲ ಸಾರ್" ಎಂದ. ಬೈದಿದ್ದರೆ ಚೆನ್ನಾಗಿತ್ತು.

ಇದರಲ್ಲಿ ನನಗೆ ಗೊತ್ತಿಲ್ಲದೆ ಆದದ್ದು ಏನೂ ಇರಲಿಲ್ಲ ಎನ್ನುವುದು ಇನ್ನೂ ಕೆಟ್ಟದ್ದು. ನಾನು ಕಲಿತದ್ದೇ ಕರಾರಿನ ಮೇಲೆ. 1984ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿದಾಗ ನನಗೆ ಹದಿನಾರು ತುಂಬಿತ್ತು. ಅಪ್ರಾಪ್ತನಾದ್ದರಿಂದ ಪೋಷಕರ ಸಹಿ ಬೇಕು ಎಂದರು. ತೀರ್ಥಹಳ್ಳಿ ಕಡೆಯಿಂದ ಅಪ್ಪ ಬಂದು ಹೆಬ್ಬೆಟ್ಟು ಒತ್ತಿದರು. ಗುಮಾಸ್ತರೊಬ್ಬರು ಇಂಗ್ಲಿಷ್ ಕಾಗದವನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿ ಕೊನೆಗೆ, "ಗೌಡರೇ, ನೀವು ಮಗನನ್ನು ನಮಗೆ ಕೊಡುತ್ತಿಲ್ಲ, ನಾವು ನಿಮಗೆ ಮಾತು ಕೊಡುತ್ತಿದ್ದೇವೆ" ಎಂದರು. ಮೈಸೂರು ಸಂಸ್ಥಾನ 1918ರಲ್ಲಿ ಕೈಹಾಕಿ 1923ರಲ್ಲಿ ಕುಲುಮೆ ಹೊತ್ತಿಸಿದ ಕಾರ್ಖಾನೆ ಅದು. ಈಗ ಅದರ ಗೇಟಿನ ಮುಂದೆ ಹಾದುಹೋಗುವಾಗ ಆಗುವ ಸಂಕಟ ಬೇರೆಯದೇ ಪತ್ರದ ವಿಷಯ, ಇರಲಿ.

ಅಲ್ಲಿ ಮೊದಲ ಎಷ್ಟೋ ತಿಂಗಳು ನಮ್ಮನ್ನು ಲೇಥ್ ಹತ್ತಿರವೇ ಬಿಡಲಿಲ್ಲ. ಒಂದು ಅರ, ಒಂದು ಹ್ಯಾಕ್ಸಾ, ಒಂದು ಕಬ್ಬಿಣದ ತುಂಡು. ಆರು ಮುಖವನ್ನೂ ಚಪ್ಪಟೆ ಮಾಡು, ಮೂಲೆಗೆ ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿ, ಸಂದಿನಲ್ಲಿ ಬೆಳಕು ಕಂಡರೆ ಮತ್ತೆ ಉಜ್ಜು. ಅಂಗೈ ಬೊಬ್ಬೆ ಎದ್ದು ಒಡೆಯಿತು. ಮೇಸ್ತ್ರಿಯನ್ನು ಮನಸ್ಸಿನಲ್ಲಿ ಶಪಿಸಿದ್ದೇನೆ. ಆದರೆ ಯಾವ ತಿಂಗಳು ಏನು ಕಲಿಯಬೇಕು ಎಂಬುದು ಗೋಡೆಯ ಮೇಲೆ ಬರೆದಿತ್ತು, ಅದು ನಮ್ಮ ಕರಾರಿನ ಬಾಲವಾಗಿತ್ತು. ನಮ್ಮನ್ನು ಟೀ ತರಲು ಕಳಿಸಿದರೆ ಆ ಗೋಡೆಯನ್ನು ತೋರಿಸುವ ಧೈರ್ಯ ನಮಗಿತ್ತು. ಒಮ್ಮೆ ಒಬ್ಬ ತೋರಿಸಿಯೂ ಬಿಟ್ಟ. ಆ ದಿನ ಟೀ ಮೇಸ್ತ್ರಿಯೇ ತಂದರು, ಅವನಿಗೂ ಒಂದು ಲೋಟ ಕೊಟ್ಟರು.

ನಮ್ಮ ಅಂಗಡಿಗಳಲ್ಲಿ ಏನಾಗುತ್ತದೆ? ಮೊದಲ ವರ್ಷ ಕಸ ಗುಡಿಸು, ಬ್ಯಾಂಕಿಗೆ ಹೋಗು, ಗಾಂಧಿ ಬಜಾರಿನಿಂದ ಬೋಲ್ಟು ತಾ, ಸಾಹುಕಾರರ ಮನೆಯ ಗ್ಯಾಸ್ ಸಿಲಿಂಡರ್ ಇಳಿಸು. ಎರಡನೇ ವರ್ಷ ಒಂದೇ ಮಷಿನ್ನಿನಲ್ಲಿ ಒಂದೇ ಬಗೆಯ ಬುಷ್, ಸಾವಿರಗಟ್ಟಲೆ. ಇಷ್ಟು ಮಾಡಿದರೆ ಇಷ್ಟು ಎಂದು ಪೀಸಿನ ಲೆಕ್ಕದಲ್ಲಿ ಕಾಸು. ಶಿಶಿಕ್ಷುವಿಗೆ ಪೀಸಿನ ಲೆಕ್ಕದಲ್ಲಿ ಹಣ ಕೊಡಕೂಡದು, ತರಬೇತಿಗೆ ಸಂಬಂಧವಿಲ್ಲದ ಕೆಲಸಕ್ಕೆ ಹಚ್ಚಕೂಡದು, ಸಲಹಾಧಿಕಾರಿಯ (ಈ ಕಾಯ್ದೆಯ ಕೆಲಸ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿ) ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸಕೂಡದು ಎಂದು ಕಾಯ್ದೆ ಹೇಳುತ್ತದೆ. ಇದನ್ನು ಬರೆದವರಿಗೆ ನಮ್ಮಂಥವರ ಪರಿಚಯ ಚೆನ್ನಾಗಿಯೇ ಇದ್ದಿರಬೇಕು.

ಸಾಗರ, ಸೊರಬದ ಗುಡಿಗಾರರನ್ನು ಮುಂದಿಟ್ಟುಕೊಂಡು ಕೆಲವರು ವಾದ ಮಾಡುತ್ತಾರೆ. ಗಂಧದ ಮರ ಕೆತ್ತುವುದನ್ನು ಅವರು ಯಾವ ಕಾಗದ ನೋಡಿ ಕಲಿತರು, ವಿದ್ಯೆಗೆ ಕರಾರು ಯಾಕೆ ಎಂದು. ಅಲ್ಲಿ ಕಲಿಸುವವನು ಅಪ್ಪ ಅಥವಾ ಚಿಕ್ಕಪ್ಪ. ಉಳಿ ಜಾರಿ ಕೈ ಕುಯ್ದುಕೊಂಡರೆ ಔಷಧಿ ಹಚ್ಚುವವಳು ತಾಯಿ. ಅಂಗಡಿ ಕೊನೆಗೆ ಆ ಹುಡುಗನಿಗೇ ಬರುತ್ತದೆ. ನಮ್ಮಲ್ಲಿ ಯಾರಾದರೂ ಅಪ್ರೆಂಟಿಸ್ ಹುಡುಗನಿಗೆ ಅಂಗಡಿ ಬರೆದುಕೊಡುತ್ತೇವೆಯೇ? ಹಾಗಾದರೆ ಗುರುಕುಲದ ಹೆಸರು ಎತ್ತುವುದು ಬೇಡ.

ಇನ್ನು ನಮ್ಮ ಭಯಗಳಿಗೆ ಬರುತ್ತೇನೆ. ಕರಾರು ಬರೆದರೆ ಹುಡುಗ ಕಾಯಂ ನೌಕರನಾಗಿ ತಲೆಯ ಮೇಲೆ ಕೂರುತ್ತಾನೆ ಎಂಬುದು ಮೊದಲನೆಯದು. ನಿಜ ಇದಕ್ಕೆ ಪೂರ್ತಿ ತಿರುಗುಮುರುಗು. ಕರಾರಾದ ಶಿಶಿಕ್ಷು ಕಾನೂನಿನ ಕಣ್ಣಿನಲ್ಲಿ ತರಬೇತಿಯವನೇ ಹೊರತು ಕೆಲಸಗಾರನಲ್ಲ. ಕಾಯ್ದೆಯಡಿ ತೆಗೆದುಕೊಂಡ ಶಿಶಿಕ್ಷುವಿಗೆ ಪಿಎಫ್, ಇಎಸ್‌ಐ ಕಟ್ಟಬೇಕಾಗಿಲ್ಲ. ಕರಾರಿಲ್ಲದವನನ್ನು ಇಟ್ಟುಕೊಂಡು "ಇವನು ಕಲಿಯುವ ಹುಡುಗ" ಎಂದರೆ ತಪಾಸಣೆಗೆ ಬಂದವರು ಯಾಕೆ ನಂಬಬೇಕು? ಮಷಿನ್ ಮುಂದೆ ನಿಂತು ಮಾಲು ತೆಗೆಯುತ್ತಿರುವವನನ್ನು ಅವರು ಕೆಲಸಗಾರ ಎಂದೇ ಬರೆದುಕೊಂಡರೆ ಕನಿಷ್ಠ ವೇತನದಿಂದ ಹಿಡಿದು ಎಲ್ಲ ಬಾಕಿಯೂ ನಮ್ಮ ತಲೆಗೆ ಬರುತ್ತದೆ. ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಡ್ಡಾಯವೂ ಇಲ್ಲ. ತರಬೇತಿಯ ನಂತರ ನಮ್ಮಲ್ಲೇ ಕೆಲಸ ಮಾಡಬೇಕು ಎಂಬ ಷರತ್ತನ್ನು ಕರಾರಿನಲ್ಲಿ ನಾವೇ ಹಾಕಿದ್ದರೆ ಮಾತ್ರ ತಕ್ಕ ಕೆಲಸ ಕೊಡಲು ನಾವೂ ಬದ್ಧರು.

ಎರಡನೆಯದು, ಕಲಿತು ಅರ್ಧಕ್ಕೆ ಓಡಿಹೋಗುತ್ತಾನೆ ಎಂಬ ಭಯ. ಇದಕ್ಕೆ ನಾವು ಕಂಡುಕೊಂಡ ಉಪಾಯ ಹುಡುಗನ ಮೂಲ ಅಂಕಪಟ್ಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು. ಈ ಸಾಲನ್ನು ಓದುವಾಗ ಎಷ್ಟು ಜನ ತಮ್ಮ ಬೀರುವಿನ ಕಡೆ ತಿರುಗಿ ನೋಡುತ್ತಾರೋ ನನಗೆ ಅಂದಾಜಿದೆ. ಒತ್ತೆ ಇಟ್ಟುಕೊಳ್ಳಲು ಅದೇನು ಬಂಗಾರದ ಸರವೇ? ದಯವಿಟ್ಟು ಇವತ್ತೇ ತೆಗೆದು ವಾಪಸು ಕೊಡಿ. ಯಾವ ಕಡೆಯವರಿಗಾದರೂ ಮುಂದುವರಿಸಲಾಗದಿದ್ದರೆ ಸಲಹಾಧಿಕಾರಿಗೆ ಅರ್ಜಿ ಹಾಕಿ ಕರಾರು ಮುರಿಯಲು ಕಾಯ್ದೆಯಲ್ಲೇ ದಾರಿಯಿದೆ. ತಪ್ಪು ಹುಡುಗನದಾದರೆ ತರಬೇತಿಯ ವೆಚ್ಚ ನಮಗೆ ವಾಪಸು, ತಪ್ಪು ನಮ್ಮದಾದರೆ ಪರಿಹಾರ ಅವನಿಗೆ. ಎರಡನೆಯ ಭಾಗ ಇಷ್ಟವಾಗದಿದ್ದರೂ ಮೊದಲನೆಯದು ಸಿಗುವುದು ಅದರ ಜೊತೆಯಲ್ಲೇ.

ಮೂರನೆಯದು ಹಣ. 2019ರಲ್ಲಿ ತಿದ್ದಿದ ನಿಯಮದಲ್ಲಿ ಶಿಷ್ಯವೇತನದ ಕನಿಷ್ಠ ಮೊತ್ತ ಎಸ್ಸೆಸ್ಸೆಲ್ಸಿ ಆದವನಿಗೆ ತಿಂಗಳಿಗೆ 6,000, ಐಟಿಐ ಪ್ರಮಾಣಪತ್ರ ಇದ್ದವನಿಗೆ 7,000, ಡಿಪ್ಲೊಮಾದವನಿಗೆ 8,000 ರೂಪಾಯಿ ಎಂದು ಇಟ್ಟರು. ಕರಾರು ಮಾಡುವ ದಿನ ಜಾರಿಯಲ್ಲಿರುವ ದರವನ್ನು ನೋಡಿಯೇ ಬರೆಯಿರಿ. 2016ರಲ್ಲಿ ಶುರುವಾದ ರಾಷ್ಟ್ರೀಯ ಶಿಶಿಕ್ಷು ಉತ್ತೇಜನ ಯೋಜನೆಯಲ್ಲಿ ಕೇಂದ್ರ ಸರ್ಕಾರ ನಿಗದಿತ ಶಿಷ್ಯವೇತನದ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿಯ ಮಿತಿಯಲ್ಲಿ, ಭರಿಸುವ ವ್ಯವಸ್ಥೆ ಮಾಡಿತು. ಕರಾರು ಪೂರ್ತಿಯಾಗದ ಹುಡುಗನಿಗೆ ಅದೂ ಇಲ್ಲ. ಮೂವತ್ತು ಅಥವಾ ಹೆಚ್ಚು ಜನರಿರುವ ಕಡೆ ಶಿಶಿಕ್ಷುಗಳನ್ನು ತೆಗೆದುಕೊಳ್ಳುವುದು ಕಡ್ಡಾಯ, ನಾಲ್ಕರಿಂದ ಇಪ್ಪತ್ತೊಂಬತ್ತು ಜನರಿರುವ ನನ್ನಂಥವರಿಗೆ ಅದು ಐಚ್ಛಿಕ. ತೆಗೆದುಕೊಳ್ಳುವುದಷ್ಟೇ ಐಚ್ಛಿಕ. ತೆಗೆದುಕೊಂಡ ಮೇಲೆ ಕರಾರು ಐಚ್ಛಿಕವಲ್ಲ.

ಕರಾರಿನಲ್ಲಿ ಏನಿರಬೇಕು ಎಂದು ಸರ್ಕಾರ ಹೇಳಿದ್ದಕ್ಕೆ ಮಲೆನಾಡಿನವರಾದ ನಾವು ಒಂದೆರಡು ಸಾಲು ಸೇರಿಸಿಕೊಳ್ಳಬಹುದು. ಕಾಯ್ದೆಗೆ ವಿರುದ್ಧವಾಗದ ಷರತ್ತುಗಳನ್ನು ಎರಡೂ ಕಡೆಯವರು ಒಪ್ಪಿ ಬರೆದುಕೊಳ್ಳಲು ಅಡ್ಡಿಯಿಲ್ಲ. ನಮ್ಮಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಅಡಿಕೆ ಕೊಯ್ಲಿನ ಹೊತ್ತಿಗೆ. ಅಡಿಕೆ ಕೊನೆ ಇಳಿಸುವ ಕೊನೆಗಾರ ಸಿಕ್ಕಿದ ದಿನ ಮನೆಮಂದಿಯೆಲ್ಲ ತೋಟದಲ್ಲಿರಬೇಕು, ರಾತ್ರಿ ಸುಲಿಯಲು ಕೂರಬೇಕು, ಬೇಯಿಸಬೇಕು, ಒಣಗಿಸಬೇಕು. ಹುಡುಗ ಹೇಳದೆ ಹದಿನೈದು ದಿನ ಮಾಯವಾಗುತ್ತಾನೆ, ನಾವು ಬೇರೆಯವನನ್ನು ನಿಲ್ಲಿಸಿಕೊಳ್ಳುತ್ತೇವೆ, ಅಲ್ಲಿಗೆ ಅವನ ವಿದ್ಯೆ ಕಡಿಯಿತು. ಈಗ ನನ್ನಲ್ಲಿ ಕರಾರಿನ ದಿನವೇ ಕೇಳಿ ಬರೆಯುತ್ತೇವೆ: ಕೊಯ್ಲಿಗೆ ಎಷ್ಟು ದಿನ, ಊರ ಮಾರಿಜಾತ್ರೆ ಈ ವರ್ಷ ಇದೆಯೇ, ಆಗಸ್ಟ್ ಮಳೆಗೆ ಬಸ್ಸು ನಿಂತರೆ ಹಾಜರಿ ಹೇಗೆ. ಹೀಗೆ ಬರೆದ ಮೇಲೆ ಹೇಳದೆ ಹೋದವರು ಯಾರೂ ಇಲ್ಲ. ಮೊದಲು ಹೋಗುತ್ತಿದ್ದವರೂ ಕೇಳಿದರೆ ಕೊಡುವುದಿಲ್ಲ ಎಂದು ತಿಳಿದೇ ಹೇಳದೆ ಹೋಗುತ್ತಿದ್ದರು ಅಷ್ಟೆ.

ತಿಂಗಳ ಲೆಕ್ಕದ ಪಾಠಪಟ್ಟಿಯನ್ನು ಭದ್ರಾವತಿಯ ನೆನಪಿನಲ್ಲಿ ಗೋಡೆಗೆ ಅಂಟಿಸಿದ್ದೇನೆ. ಶನಿವಾರ ಹುಡುಗ ತಾನು ಏನು ಕಲಿತೆ ಎಂದು ಪುಸ್ತಕದಲ್ಲಿ ಬರೆಯುತ್ತಾನೆ, ನಾನು ಸಹಿ ಹಾಕುತ್ತೇನೆ. ಮೊದಲ ಸಾಲು ಹಳೆಯ ಲೇಥಿನದು. ಸ್ವಿಚ್ ಆರಿಸಿದ ಮೇಲೆ ಚಕ್ ನಿಲ್ಲುವವರೆಗೆ ಎರಡೂ ಕೈ ಹಿಂದೆ, ತುರಿಗೆ ಕೊಕ್ಕೆ.

ಅಧಿಕಾರಿಗಳೇ, ನಿಮಗೆ ನನ್ನ ಕೋರಿಕೆ ದೊಡ್ಡದೇನಲ್ಲ. ಕರಾರಿನ ವಿವರವನ್ನು ಏಳು ದಿನದೊಳಗೆ ಪೋರ್ಟಲ್‌ಗೆ ಏರಿಸಬೇಕು ಎಂದು ಕಾಯ್ದೆ ನಮ್ಮ ಮೇಲೆ ಹೊಣೆ ಹೊರಿಸಿದೆ. ಆಕ್ಷೇಪಣೆ ಇದ್ದರೆ ಹದಿನೈದು ದಿನದಲ್ಲಿ ತಿಳಿಸಬೇಕು, ಮೂವತ್ತು ದಿನದಲ್ಲಿ ನೋಂದಾಯಿಸಬೇಕು ಎಂದು ನಿಮ್ಮ ಮೇಲೂ ಹೊರಿಸಿದೆ. ಇಬ್ಬರೂ ನಡೆಸೋಣ. ಐಟಿಐ ಫಲಿತಾಂಶದ ನಂತರದ ಎರಡು ತಿಂಗಳು, ವಾರಕ್ಕೊಂದು ದಿನ ಒಬ್ಬರು ಲ್ಯಾಪ್‌ಟಾಪ್ ಹಿಡಿದು ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸಿಗೆ ಬರಲಿ, ಇನ್ನೊಂದು ದಿನ ಮಾಚೇನಹಳ್ಳಿಗೆ ಹೋಗಲಿ. ಕುರ್ಚಿ, ಮೇಜು, ಕರೆಂಟು, ಮಧ್ಯಾಹ್ನದ ಊಟ ನಮ್ಮದು. ಐಟಿಐಗಳಲ್ಲಿ ಹುಡುಗರು ಕೊನೆಯ ಪರೀಕ್ಷೆ ಬರೆಯುವ ಮೊದಲೇ ಅಂಕಪಟ್ಟಿ, ಆಧಾರ್, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ಒಂದು ಬೆಳಿಗ್ಗೆ ಕೂತು ನೋಡಿಸಿ. ಇನಿಷಿಯಲ್ ಹಿಂದುಮುಂದಾದದ್ದಕ್ಕೆ ಒಬ್ಬನ ನಾಲ್ಕು ತಿಂಗಳು ಹೋಗಿದ್ದನ್ನು ಕಂಡವನು ಹೇಳುತ್ತಿದ್ದೇನೆ. ಸೋಮಾರಿತನ ನನ್ನದೇ, ಅದನ್ನು ಇನಿಷಿಯಲ್ ಮೇಲೆ ಹೊರಿಸುವುದಿಲ್ಲ. ಆದರೆ ಸೋಮಾರಿಗಳಿಗೆ ನೆಪ ಸಿಗದಂತೆ ಮಾಡುವುದು ನಿಮ್ಮ ಕೈಯಲ್ಲಿದೆ. ಮತ್ತೆ, ಕರಾರಿನ ಕನ್ನಡ ಪ್ರತಿಯೊಂದು ಹುಡುಗನ ಮನೆಗೆ ಹೋಗಲಿ, ಅವನ ತಾಯಿ ಓದುವಂತೆ.

ಲೇಥ್ ಅಂಗಡಿಗಳಿಗಷ್ಟೇ ಇದನ್ನು ಬರೆಯುತ್ತಿಲ್ಲ. ಬೇಕರಿ, ಪ್ರಿಂಟಿಂಗ್ ಪ್ರೆಸ್, ಬ್ಯೂಟಿ ಪಾರ್ಲರ್, ಲ್ಯಾಬು, ತೀರ್ಥಹಳ್ಳಿ ಕಡೆಯ ಹೋಂಸ್ಟೇ, ಎಲ್ಲಿ "ಕಲಿಯಲಿ ಎಂದು ಬಿಟ್ಟಿದ್ದೇವೆ" ಎಂಬ ಮಾತು ಇದೆಯೋ ಅಲ್ಲೆಲ್ಲ ಕಾಗದ ಬೇಕು. ಹೆಣ್ಣುಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರು ಇನ್ನೂ ಸಂಕೋಚಪಡುತ್ತಾರೆ. ಕೇಳಿ. ಕೇಳಿದರೆ ಮುಖ ಸಿಂಡರಿಸುವ ಮಾಲೀಕನ ಹತ್ತಿರ ಮಗಳನ್ನು ಬಿಡುವುದೇ ಬೇಡ.

ಆ ಹುಡುಗ ಕರಾರು ಮಾಡಿಕೊಂಡು ವರ್ಷ ಪೂರೈಸಿ, ಪ್ರಮಾಣಪತ್ರ ತೆಗೆದುಕೊಂಡು ಈಗ ಬೆಂಗಳೂರಿನಲ್ಲಿ ಸಿಎನ್‌ಸಿ ಎಂಬ ಕಂಪ್ಯೂಟರ್ ನಡೆಸುವ ಮಷಿನ್ ಮೇಲಿದ್ದಾನೆ. ದೀಪಾವಳಿಗೆ ಬಂದಾಗ ಅಂಗಡಿಗೆ ಬರುತ್ತಾನೆ. ತೋರುಬೆರಳು ಪೂರ್ತಿ ಮಡಚುವುದಿಲ್ಲ, ಮೈಕ್ರೋಮೀಟರನ್ನು ನಡುಬೆರಳಿನಿಂದ ತಿರುಗಿಸುತ್ತಾನೆ.

ಪೋರ್ಟಲ್ ತುಂಬಲು ಬರದ ಮಾಲೀಕರು ಶನಿವಾರ ಮಧ್ಯಾಹ್ನ ಮೂರರ ಮೇಲೆ ನನ್ನ ಅಂಗಡಿಗೆ ಬನ್ನಿ, ಕೂತು ಮಾಡೋಣ, ಕಾಸು ಬೇಡ. ಹುಡುಗನನ್ನೂ ಕರೆತನ್ನಿ, ಆಧಾರ್‌ಗೆ ಜೋಡಿಸಿದ ಮೊಬೈಲನ್ನೂ. ಒಟಿಪಿ ಅಕ್ಕನ ಮನೆಗೆ ಹೋದರೆ ಮತ್ತೆ "ಮುಂದಿನ ವಾರ" ಆಗುತ್ತದೆ.

ಇತಿ,
ಲೇಥ್ ಅಂಗಡಿಯ ಮಾಲೀಕನೊಬ್ಬ
ಸಾಗರ ರಸ್ತೆ, ಶಿವಮೊಗ್ಗ